ಒಡೆಯದ ಕನೆಕ್ಟರ್

"ಅಯ್ಯೋ, ಇದೂ ಹೋಯ್ತು!"

ಮೆಕ್ಯಾನಿಕ್‌ನ ಬೆರಳುಗಳ ನಡುವೆ ಇನ್ನೊಂದು ಕನೆಕ್ಟರ್ ಪುಡಿಯಾಯಿತು. ಲಾಕ್ ಬಿಡಿಸಲೆಂದು ಅವನು ಉಗುರು ತಾಗಿಸಿದ್ದಷ್ಟೇ. ವರ್ಷಗಟ್ಟಲೆ ಎಂಜಿನ್ನಿನ ಕಾವು ಕುಡಿದು ಕಂದುಬಣ್ಣಕ್ಕೆ ತಿರುಗಿದ್ದ ಪ್ಲಾಸ್ಟಿಕ್ಕು ಬಿಸ್ಕತ್ತಿನ ಹಾಗೆ ಮುರಿದು ಕೆಳಗಿನ ಸಂದುಗೊಂದಿಗಳಿಗೆ ಉದುರಿತು.

"ಹೋಗ್ಲಿ ಬಿಡಿ. ಫೋಟೋ ತೆಗೆದಾಯ್ತು. ವೈರ್ ಕತ್ತರಿಸಿ."

ಹೇಳಿದವಳು ಇನ್ಸ್‌ಪೆಕ್ಟರ್. ಮೈಮೇಲೆ ಯೂನಿಫಾರ್ಮ್ ಇರಲಿಲ್ಲ. ತೋಳು ಮಡಿಸಿದ ಹಳೆಯ ಅಂಗಿ, ಮೊಣಕೈವರೆಗೆ ಮಸಿ. ಒಂದು ಕಡೆ ನಿಲ್ಲಲಾಗದೆ ಬಾನೆಟ್ಟಿನ ಆ ಬದಿಯಿಂದ ಈ ಬದಿಗೆ ಕಾಲು ಸುಟ್ಟ ಬೆಕ್ಕಿನ ಹಾಗೆ ಸುತ್ತುತ್ತಿದ್ದಳು.

ಇದೇ ಕಾರು ಬೆಟ್ಟದ ರಸ್ತೆಯ ತಿರುವಿನಲ್ಲಿ ದಿಬ್ಬಕ್ಕೆ ಗುದ್ದಿ ಅವಳ ಅಣ್ಣ ಆಸ್ಪತ್ರೆ ಸೇರಿದ್ದ, ಇನ್ನೂ ಎಚ್ಚರವಾಗಿರಲಿಲ್ಲ. ಹಳೇ ಕಾರು, ಹಳೇ ವೈರಿಂಗ್, ಅಪಘಾತ ಎಂದು ಬರೆದು ಪೊಲೀಸರು ಕೈತೊಳೆದುಕೊಂಡಿದ್ದರು. ಆ ಪೊಲೀಸರು ಬೇರೆ ಯಾರೂ ಅಲ್ಲ, ಅವಳದೇ ಠಾಣೆಯವರು. "ಒಡಹುಟ್ಟಿದವನ ಕೇಸು, ನೀವು ತಲೆಹಾಕಬೇಡಿ" ಎಂದು ಸಾಹೇಬರು ಅವಳನ್ನು ರಜೆಯ ಮೇಲೆ ಕಳಿಸಿಬಿಟ್ಟಿದ್ದರು.

ತಲೆ ಹಾಕುವುದಿಲ್ಲ ಎಂದು ಒಪ್ಪಿ ಬಂದಿದ್ದಳು. ಕೈ ಹಾಕುವುದಿಲ್ಲ ಎಂದು ಹೇಳಿರಲಿಲ್ಲ.

ಇಲಾಖೆಗೆ ಸೇರಿದ ಹೊಸದರಲ್ಲಿ ಅವಳನ್ನು ಪೊಲೀಸ್ ವಾಹನಗಳ ರಿಪೇರಿ ಶೆಡ್ಡಿಗೆ ಹಾಕಿದ್ದರು. ಅಲ್ಲಿ ಕಲಿತದ್ದು ಮರೆತಿರಲಿಲ್ಲ. ಚಲಿಸುವ ಕಾರು ಥಟ್ಟನೆ ಆಫ್ ಆಗಿದೆ ಎಂದರೆ ಎಲ್ಲೋ ಕರೆಂಟ್ ಕೈಕೊಟ್ಟಿದೆ. ಎಲ್ಲಿ ಎಂದು ತಿಳಿಯಬೇಕಾದರೆ ಬಾನೆಟ್ಟಿನ ಕೆಳಗಿನ ಒಂದೊಂದು ಕನೆಕ್ಟರನ್ನೂ ಬಿಚ್ಚಿ ನೋಡಬೇಕು. ಬಿಚ್ಚಿದರೆ ಅದು ಒಡೆಯುತ್ತದೆ. ಒಡೆದರೆ ಹೊಸದು ಹಾಕಲೇಬೇಕು. ಹಾಗಾಗಿ ಅತ್ತಿಗೆಯ ಹತ್ತಿರ ಹೋಗಿ, "ಕಾರನ್ನ ಒಂದು ಹದಕ್ಕೆ ತರಿಸ್ತೀನಿ ಅತ್ತಿಗೆ, ಹೀಗೇ ಬಿಟ್ರೆ ತುಕ್ಕು ಹಿಡಿಯುತ್ತೆ" ಎಂದಷ್ಟೇ ಹೇಳಿ ಕಾರನ್ನು ಈ ಶೆಡ್ಡಿಗೆ ಎಳೆಸಿಕೊಂಡು ಬಂದಿದ್ದಳು.

ಮೆಕ್ಯಾನಿಕ್ ವೈರುಗಳ ತುದಿಯನ್ನು ಒಂದಕ್ಕಿಂತ ಒಂದು ಗಿಡ್ಡವಾಗುವಂತೆ ಕತ್ತರಿಸಿದ. ಬೆಸುಗೆಗಳೆಲ್ಲ ಒಂದೇ ಜಾಗದಲ್ಲಿ ಬಂದರೆ ಗಂಟಾಗಿ ಉಬ್ಬುತ್ತದೆ. ಪ್ರತಿ ತುದಿಗೂ ಹೊಸ ತುಂಡು ವೈರು ಬೆಸೆದು, ಅದಕ್ಕೆ ಹೊಸ ಪಿನ್ ಒತ್ತಿ, ಪಿನ್ನನ್ನು ಹೊಸ ಕನೆಕ್ಟರಿನೊಳಗೆ ತಳ್ಳಿದ. ಸಣ್ಣಗೆ ಟಿಕ್ ಎಂದಿತು. ಹಿಡಿದು ಎಳೆದು ನೋಡಿದ. ಬರಲಿಲ್ಲ.

"ನಮ್ಮ ಮಾವನ ಹಲ್ಲಿನ ಹಾಗೆ ಮೇಡಂ ಈ ಕಾರು. ಒಂದನ್ನ ಮುಟ್ಟಿದ್ರೆ ಪಕ್ಕದ್ದೂ ಅಲ್ಲಾಡುತ್ತೆ," ಎಂದ. "ಒಂದು ಬಿಚ್ಚೋದು, ಒಂದು ಹಾಕೋದು. ಎಲ್ಲಾ ಒಟ್ಟಿಗೆ ಬಿಚ್ಚಿದ್ರೆ ಯಾವ ವೈರು ಯಾರ ಮನೇದು ಅಂತ ದೇವರಿಗೂ ಗೊತ್ತಾಗಲ್ಲ."

"ಕೆಳಗಿನ ಸೆನ್ಸರ್ ಒಂದು ಉಳೀತಲ್ಲ?"

"ಅಯ್ಯೋ, ಅದಕ್ಕೆ ಕೈ ಹೋಗಲ್ಲ. ಗಾಡಿ ಜ್ಯಾಕ್ ಮೇಲೆ ಎತ್ತಬೇಕು."

"ನಿಮ್ಮ ಕೈ ಹೋಗಲ್ಲ. ನನ್ನದು ಹೋಗುತ್ತೆ."

ಎಂಜಿನ್ ತಿರುಗುತ್ತಿದೆಯೋ ಇಲ್ಲವೋ ಎಂದು ಕಾರಿನ ಕಂಪ್ಯೂಟರಿಗೆ ತಿಳಿಸುವ ಸೆನ್ಸರ್ ಅದು. ಅದರ ಸುದ್ದಿ ನಿಂತರೆ ಎಂಜಿನ್ನೂ ನಿಂತಂತೆಯೇ. ಅವಳು ಬಾನೆಟ್ಟಿನ ಮೇಲೆ ಹೊಟ್ಟೆ ಊರಿ ಮಲಗಿ, ಪೈಪುಗಳ ನಡುವೆ ತೋಳು ತೂರಿಸಿದಳು. ಬೆರಳು ತಡಕಾಡಿತು. ಸಿಕ್ಕಿತು. ಪುಡಿಯಾಗುವ ಸದ್ದಿಗಾಗಿ ಹಲ್ಲು ಕಚ್ಚಿಕೊಂಡು ಲಾಕ್ ಒತ್ತಿದಳು.

ಕ್ಲಿಕ್.

ಒಡೆಯಲಿಲ್ಲ.

ಇನ್ನೊಮ್ಮೆ ಕೂಡಿಸಿ ಒತ್ತಿದಳು. ಮತ್ತೆ ಕ್ಲಿಕ್. ಹೊಸ ಬೀಗದ ಹಾಗೆ.

ಹೊರಗೆಳೆದು ಬೆಳಕಿಗೆ ಹಿಡಿದಳು. ನೋಡಲು ಉಳಿದವುಗಳಷ್ಟೇ ಹಳತು, ಕೊಳಕು. ಆದರೆ ಬಟ್ಟೆಯಿಂದ ಉಜ್ಜಿದ ಕೂಡಲೇ ಕೊಳೆ ಪೂರ್ತಿ ಎದ್ದುಬಂತು. ಕೆಳಗೆ ಮಿರಮಿರ ಮಿಂಚುವ ಕಪ್ಪು. ಈ ಕೊಳೆ ತಾನಾಗಿ ಕೂತದ್ದಲ್ಲ, ಯಾರೋ ಬಳಿದದ್ದು.

"ಇದು ನಾನು ಹಾಕಿದ್ದಲ್ಲ ಮೇಡಂ," ಎಂದ ಮೆಕ್ಯಾನಿಕ್, ಕೇಳುವುದಕ್ಕೆ ಮೊದಲೇ. "ನನ್ನ ಮಕ್ಕಳಾಣೆ. ಹೊಸದು ಹಾಕಿ ಅದಕ್ಕೆ ಮಣ್ಣು ಮೆತ್ತೋ ಹುಚ್ಚ ಯಾರಿದಾನೆ? ಹೊಸದು ಹಾಕಿದೀನಿ ನೋಡಿ ಅಂತ ತೋರಿಸೋರೇ ನಾವು!"

ಅವಳು ಸಣ್ಣ ಸ್ಕ್ರೂಡ್ರೈವರಿನ ತುದಿಯಿಂದ ಒಂದು ಪಿನ್ನನ್ನು ಮೆಲ್ಲಗೆ ಒತ್ತಿದಳು. ಅದು ಸುಮ್ಮನೆ ಹಿಂದಕ್ಕೆ ಜಾರಿತು. ಪಿನ್ನಿನ ಬೆನ್ನಿಗೆ ಒಂದು ಪುಟ್ಟ ನಾಲಿಗೆ ಇರುತ್ತದೆ. ಕನೆಕ್ಟರಿನೊಳಗೆ ಅದು ಕಚ್ಚಿ ಕೂತರೆ ಪಿನ್ ಕದಲುವುದಿಲ್ಲ. ಈ ಪಿನ್ನಿನ ನಾಲಿಗೆಯನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಲಾಗಿತ್ತು.

"ಬ್ಯಾಟರಿ ಜೋಡಿಸಿ. ಸ್ಟಾರ್ಟ್ ಮಾಡಿ ನೋಡೋಣ."

ಕನೆಕ್ಟರನ್ನು ಇದ್ದ ಹಾಗೆಯೇ ಹಾಕಿದರು. ಎಂಜಿನ್ ಒಂದೇ ಏಟಿಗೆ ಹತ್ತಿಕೊಂಡಿತು. ಫ್ಯಾನ್ ತಿರುಗಲು ಶುರುವಾಗುವವರೆಗೂ ಅವಳು ಶೆಡ್ಡಿನ ಬಾಗಿಲಿಗೂ ಕಾರಿಗೂ ಓಡಾಡಿದಳು. ಕಾವು ಮುಖಕ್ಕೆ ಹೊಡೆಯತೊಡಗಿದ ಮೇಲೆ ಪೈಪುಗಳ ನಡುವೆ ಉದ್ದನೆಯ ಸ್ಕ್ರೂಡ್ರೈವರ್ ತೂರಿಸಿ ಕನೆಕ್ಟರಿನ ಪಕ್ಕ ಮೆಲ್ಲಗೆ ತಟ್ಟಿದಳು. ಏನೂ ಆಗಲಿಲ್ಲ. ಮತ್ತೆ ತಟ್ಟಿದಳು.

ಎಂಜಿನ್ ಕತ್ತು ಹಿಸುಕಿದಂತೆ ಗಪ್ಪಾಯಿತು.

ಶೆಡ್ಡಿನಲ್ಲಿ ಫ್ಯಾನಿನ ಸದ್ದು ಮಾತ್ರ ಉಳಿಯಿತು. ಮೆಕ್ಯಾನಿಕ್ ಸೀಟಿನಿಂದ ಇಳಿಯದೆ ಸ್ಟಿಯರಿಂಗ್ ತಿರುಗಿಸಲು ನೋಡಿದ. ಎರಡೂ ಕೈ ಹಾಕಿ ಹೆಣಗಿದ.

"ಕಲ್ಲು ಮೇಡಂ. ಬೆಟ್ಟ ಹತ್ತುವಾಗ ಹೀಗಾದ್ರೆ ಪಕ್ಕಕ್ಕೆ ನಿಲ್ಲಿಸಬಹುದು. ಇಳಿಯುವಾಗ, ತಿರುವಿನಲ್ಲಿ, ಕ್ಲಚ್ ತುಳಿದಾಗ ಹೀಗಾದ್ರೆ..." ಅವನು ಸ್ಟಿಯರಿಂಗ್ ಬಿಟ್ಟು ಕೈ ಒರೆಸಿಕೊಂಡ. "ಇದು ಯಾರೋ ಕಾದು ಕೂತು ಮಾಡಿದ ಕೆಲಸ. ಇವತ್ತಲ್ಲ ನಾಳೆ ಆಗೇ ಆಗುತ್ತೆ ಅಂತ. ಮೇಡಂ, ಕೋರ್ಟಿಗೆ ಗೀರ್ಟಿಗೆ ನನ್ನನ್ನ ಎಳೀಬೇಡಿ. ನಾನು ಏನೂ ನೋಡಿಲ್ಲ."

ಅವಳ ಕಣ್ಣು ಅವನ ಮೇಲೆ ಇರಲಿಲ್ಲ. ಬಟ್ಟೆಗೆ ಹತ್ತಿದ ಕೊಳೆಯನ್ನು ಬೆರಳಲ್ಲಿ ತಿಕ್ಕುತ್ತಿದ್ದಳು. ಎಂಜಿನ್ ಆಯಿಲ್ ಇಷ್ಟು ಗಟ್ಟಿ ಇರುವುದಿಲ್ಲ. ಇದು ಗ್ರೀಸು, ಲಿಫ್ಟುಗಳು ಮೇಲೆ ಕೆಳಗೆ ಓಡಾಡುವ ಹಳಿಗಳಿಗೆ ಸವರುವಂಥ ಅಂಟು ಗ್ರೀಸು. ಅಣ್ಣ ಸಂಜೆ ಮನೆಗೆ ಬಂದಾಗ ಅವನ ಅಂಗಿಯಿಂದ ಬರುತ್ತಿದ್ದ ವಾಸನೆಯೇ ಇದಕ್ಕಿತ್ತು. ಅಣ್ಣನೂ ಅವನ ಪಾಲುದಾರನೂ ಸೇರಿ ಲಿಫ್ಟ್ ರಿಪೇರಿ ಮಾಡುತ್ತಿದ್ದರು.

ಪಾಲುದಾರ. ಅವಳಿಗೆ ಅವನ ಮೇಲೆ ಮೊದಲಿನಿಂದಲೂ ಅನುಮಾನವಿತ್ತು.

ಆದರೆ ಇನ್ನೊಂದು ವಸ್ತುವನ್ನು ಅವಳು ಮೆಕ್ಯಾನಿಕ್‌ಗೆ ತೋರಿಸಿರಲಿಲ್ಲ. ಕನೆಕ್ಟರಿನ ಹಿಂದೆ ವೈರುಗಳನ್ನು ಟೇಪಿನಿಂದ ಸುತ್ತಿರಲಿಲ್ಲ. ಮೇಣ ಸವರಿದ ದಾರದಿಂದ ಸಾಲಾಗಿ ಹೆಣೆದು ಕಟ್ಟಿತ್ತು. ಕೊನೆಯ ಗಂಟಿನ ತುದಿ ಒಳಗೆ ಮಡಿಸಿ ಕಾಣದಂತಿತ್ತು. ಗಂಟು ಬಿಚ್ಚದೆ, ಹೆಣಿಗೆ ಇದ್ದ ವೈರಿನ ತುಂಡನ್ನೇ ಕತ್ತರಿಸಿ ತೆಗೆದು ಅಂಗೈಯಲ್ಲಿ ಮುಚ್ಚಿಕೊಂಡಳು.

ಹೊರಗೆ ವ್ಯಾನ್ ನಿಂತ ಸದ್ದಾಯಿತು.

"ಏನಮ್ಮಾ ಇದು? ಗುಜರಿಗೆ ಹಾಕಿ ಅಂತ ಹೇಳಿದ್ನಲ್ಲ. ಇನ್ನೂ ಇಟ್ಕೊಂಡು ಯಾಕೆ ಕೆದಕ್ತಾ ಇದೀಯ?"

ಬಾಗಿಲಲ್ಲಿ ಪಾಲುದಾರ ನಿಂತಿದ್ದ. ದೊಡ್ಡ ದೇಹ, ಸಣ್ಣ ಕಣ್ಣು, ಕೆಲಸದ ಬಟ್ಟೆ. ಅವನ ನೋಟ ಅವಳ ಮುಖಕ್ಕಿಂತ ಮೊದಲು ತೆರೆದ ಬಾನೆಟ್ಟಿಗೆ ಹೋಯಿತು.

"ನಾನು ಟೀ ಹೇಳಿ ಬರ್ತೀನಿ," ಎಂದು ಮೆಕ್ಯಾನಿಕ್ ಗೋಡೆಗೆ ಅಂಟಿಕೊಂಡೇ ಹೊರಗೆ ಜಾರಿದ.

ಇನ್ಸ್‌ಪೆಕ್ಟರ್ ಪಾಲುದಾರನ ಕೈ ಹಿಡಿದೆಳೆದು ಅಂಗೈಗೆ ಆ ಬಟ್ಟೆ ಒರೆಸಿದಳು.

"ಮೂಸಿ ನೋಡಿ."

"ಏನು ಹುಡುಗಾಟ..."

"ಮೂಸಿ ಅಂದೆ."

ಅವನು ಮೂಸಲಿಲ್ಲ. ನೋಡಿಯೇ ಅವನಿಗೆ ತಿಳಿದಿತ್ತು.

"ನಮ್ಮ ಗ್ರೀಸು," ಎಂದ.

"ಕಾರಿನ ಎಂಜಿನ್‌ಗೆ ಹೇಗೆ ಬಂತು?"

"ನಂಗೇನು ಗೊತ್ತು?"

"ನಿಮಗೆ ಗೊತ್ತಿಲ್ಲದೆ ಇರೋದು ಬಹಳ ಇದೆ ಅಲ್ವಾ? ಅಪಘಾತದ ದಿನ ಲಿಫ್ಟ್ ಕೆಟ್ಟಿದ್ದ ಕಟ್ಟಡದಲ್ಲಿ ಒಬ್ಬನೇ ಕೆಲಸ ಮಾಡ್ತಿದ್ದೆ ಅಂದ್ರಿ. ಅಣ್ಣನೂ ಜೊತೆಗಿದ್ದ ಅಂತ ವಾಚ್‌ಮನ್ ಹೇಳ್ದ. ಯಾಕೆ ಸುಳ್ಳು ಹೇಳಿದ್ರಿ?"

"ಒಂದು ಕಾರಣ ಇತ್ತು."

"ಕಾರಣ ನಾನು ಹೇಳ್ಲಾ? ಲಿಫ್ಟಿನ ವೈರಿಂಗ್ ಮಾಡೋ ಕೈಗೆ ಕಾರಿನ ಒಂದು ಕನೆಕ್ಟರ್ ಏನು ದೊಡ್ಡದು? ಹೊಸದು ತಂದ್ರಿ. ಪಿನ್ ಚಪ್ಪಟೆ ಮಾಡಿದ್ರಿ. ಹಳೇದರ ಹಾಗೆ ಕಾಣಲಿ ಅಂತ ಗ್ರೀಸ್ ಬಳಿದ್ರಿ. ಉಳಿದದ್ದೆಲ್ಲ ಹೆಂಗಿದ್ರೂ ಪುಡಿಪುಡಿ, ಯಾರು ಬಿಚ್ಚಿ ನೋಡ್ತಾರೆ ಅಂದ್ಕೊಂಡ್ರಿ."

ಅವಳ ದನಿ ಏರುತ್ತಾ ಹೋಯಿತು. ಅವನು ಬಾಯಿ ಬಿಟ್ಟರೆ ಸಾಕು, ಹೌದು ಎಂದರೆ ಸಾಕು ಎಂದು ಅವಳ ಜೀವ ಕಾಯುತ್ತಿತ್ತು. ಹೌದು ಅನ್ನು. ನಾನೇ ಅನ್ನು.

ಪಾಲುದಾರ ಒಂದು ಹಳೆಯ ಟೈರಿನ ಮೇಲೆ ಕುಸಿದು ಕೂತ.

"ಆ ಮುಷ್ಟೀಲಿ ಏನಿದೆ?"

"ಏನಿಲ್ಲ."

"ದಾರ ತಾನೇ?"

ಅವಳು ಮುಷ್ಟಿಯನ್ನು ಇನ್ನೂ ಬಿಗಿ ಮಾಡಿದಳು.

"ಮೇಣದ ದಾರ," ಎಂದ ಅವನು, ಮೆಲ್ಲಗೆ. "ನಿಮ್ಮಣ್ಣ ಯಾವ ವೈರು ಕಟ್ಟಿದ್ರೂ ಅದರಲ್ಲೇ. ನಿಮ್ಮಪ್ಪ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೇಬಲ್ ಕಟ್ಟುತ್ತಿದ್ದ ಗಂಟು. ನಿನಗೂ ಅವನಿಗೂ ಚಿಕ್ಕಂದಿನಲ್ಲೇ ಕಲಿಸಿದ್ರಂತೆ. ನಂಗೂ ಹೇಳ್ಕೊಡೋ ಮಾರಾಯ ಅಂತ ಎಷ್ಟು ಸಲ ಗೋಗರೆದಿದೀನಿ. 'ಇದು ನಮ್ಮ ಮನೆತನದ ಆಸ್ತಿ, ಹೊರಗಿನವರಿಗೆ ಇಲ್ಲ' ಅಂತ ನಗ್ತಿದ್ದ. ನಾನು ಕಟ್ಟಿದ್ದಾದ್ರೆ ಅದು ಬಿಚ್ಚೋಕೆ ಕತ್ತರಿ ಬೇಕು. ನಿಮ್ಮದು ಬಿಚ್ಚೋಕೆ ಬೇರೆ ಉಪಾಯ ಇದೆಯಂತಲ್ಲ. ನೀನೇ ಬಿಚ್ಚು, ನೋಡೋಣ."

ಅವಳು ಮುಷ್ಟಿ ತೆರೆದಳು. ಮಡಿಸಿಟ್ಟ ತುದಿಯನ್ನು ಉಗುರಿನಿಂದ ಹುಡುಕಿ ಎಳೆದಳು. ಇಡೀ ಹೆಣಿಗೆ ಸರ್ರನೆ ಕಳಚಿ ಒಂದೇ ಎಳೆಯಾಗಿ ಅವಳ ಬೆರಳಿಗೆ ನೇತಾಡಿತು.

ಅವಳು ಆ ಎಳೆಯನ್ನು ಬೆರಳಿಗೆ ಸುತ್ತತೊಡಗಿದಳು.

"ಅಣ್ಣನೇ ರಿಪೇರಿ ಮಾಡಿರ್ಬೇಕು," ಎಂದಳು. ಅವಳ ದನಿ ಅವಳಿಗೇ ಅಪರಿಚಿತವಾಗಿತ್ತು. "ಅವನೇ ಹೊಸದು ಹಾಕಿದಾನೆ. ಆಮೇಲೆ ಯಾರೋ..."

"ನಾನು ನೋಡ್ದೆ ಕಣಮ್ಮಾ." ಪಾಲುದಾರ ಎರಡೂ ಕೈಗಳಿಂದ ಮುಖ ಒರೆಸಿಕೊಂಡ. ಗ್ರೀಸು ಕೆನ್ನೆಗೆ ಹತ್ತಿತು. "ಹಿಂದಿನ ದಿನ, ನಮ್ಮ ವರ್ಕ್‌ಶಾಪಿನ ಟೇಬಲ್ ಮೇಲೆ. ಇಕ್ಕಳದಲ್ಲಿ ಆ ಪಿನ್ ಒತ್ತುತ್ತಿದ್ದ. ಏನೋ ಅದು ಅಂದೆ. ಹಳೇ ಕಾರಿಗೆ ಅಂದ. ಗ್ರೀಸ್ ಯಾಕೆ ಬಳೀತಿದೀಯ ಅಂದೆ. ಉತ್ತರ ಕೊಡಲಿಲ್ಲ. ನನಗೂ ಆಗ ಹೊಳೀಲಿಲ್ಲ."

"ಸುಳ್ಳು."

"ಆ ಕಾರನ್ನ ದಿನಾ ಯಾರು ಓಡಿಸೋದು?"

ಉತ್ತರ ಅವಳಿಗೆ ಗೊತ್ತಿತ್ತು. ಅಣ್ಣ ಓಡಾಡುವುದು ಕೆಲಸದ ವ್ಯಾನಿನಲ್ಲಿ. ಕಾರು ಅತ್ತಿಗೆಯದು. ಬೆಟ್ಟದ ಮೇಲಿನ ನೀರು ಶುದ್ಧೀಕರಣ ಘಟಕದ ಲ್ಯಾಬಿನಲ್ಲಿ ಅತ್ತಿಗೆಗೆ ಕೆಲಸ. ಬೆಳಿಗ್ಗೆ ಹತ್ತುವುದು, ಸಂಜೆ ಇಳಿಯುವುದು.

ಇಷ್ಟು ದಿನ ಅವಳು ಅಣ್ಣನನ್ನು ಯಾರು ಕೊಲ್ಲಲು ನೋಡಿದರು ಎಂದು ಹುಡುಕುತ್ತಿದ್ದಳು.

"ಆವತ್ತು ನಾವಿಬ್ರೂ ಲಿಫ್ಟಿನ ಕೆಳಗಿನ ಗುಂಡಿಯೊಳಗೆ ಇಳಿದಿದ್ವಿ," ಪಾಲುದಾರ ಮುಂದುವರಿಸಿದ. "ಅವನ ಹೆಂಡತಿ ಲ್ಯಾಬಿನಿಂದ ಫೋನ್ ಮಾಡಿದ್ಲು. ಮಗಳಿಗೆ ಸ್ಕೂಲ್ ಬಸ್ ತಪ್ಪಿಹೋಯ್ತು, ನನ್ನ ಜೊತೆ ಕಾರಲ್ಲಿ ಬೆಟ್ಟಕ್ಕೆ ಬಂದಿದಾಳೆ, ಸಂಜೆ ಇಬ್ಬರೂ ಒಟ್ಟಿಗೆ ಇಳೀತೀವಿ ಅಂತ. ಫೋನ್ ಕೆಳಗಿಟ್ಟವನ ಮುಖದಲ್ಲಿ ರಕ್ತ ಇರಲಿಲ್ಲ. ಪೆಟ್ಟಿಗೆ, ಹತಾರ ಎಲ್ಲ ಅಲ್ಲೇ ಬಿಟ್ಟು ಎದ್ದುಬಿದ್ದು ಓಡ್ದ."

"ಕೆಲಸ ಇದೆ ಅಂತ ಬಂದು ಕೀ ತಗೊಂಡು ಹೋದ ಅಂತ ಅತ್ತಿಗೆ ಹೇಳಿದ್ರು."

"ಯಾವ ಕೆಲಸವೂ ಇರಲಿಲ್ಲ. ಮಗಳನ್ನ ಆ ಕಾರಿಂದ ಇಳಿಸೋಕೆ ಹೋದ."

"ಹಾಗಾದ್ರೆ ಅವನ್ಯಾಕೆ ಓಡಿಸ್ದ? ಗೊತ್ತಿದ್ದೂ ಯಾಕೆ ಕೂತ ಅದರಲ್ಲಿ?"

"ಅದೊಂದು ನಂಗೆ ಇವತ್ತಿಗೂ ತಲೆಗೆ ಹೋಗಿಲ್ಲ." ಅವನು ಎದ್ದು ನಿಂತ. "ಸುಳ್ಳು ಹೇಳಿದ್ದು ಅವನು ಮಾಡಿದ್ದನ್ನ ಮುಚ್ಚಿಡೋಕೆ. ಹೇಗೂ ಸಾವು ಬದುಕಿನ ನಡುವೆ ಮಲಗಿದಾನೆ. ಹೆಂಡತಿ ಹಗಲೂ ರಾತ್ರಿ ಪಕ್ಕ ಕೂತು ಶುಶ್ರೂಷೆ ಮಾಡ್ತಿದಾಳೆ. ಕಾರು ಗುಜರಿಗೆ ಹೋದ್ರೆ ಅವಳಿಗೂ ಗೊತ್ತಾಗಲ್ಲ, ಮಗೂಗೂ ಗೊತ್ತಾಗಲ್ಲ ಅಂದ್ಕೊಂಡೆ. ನೀನು ಬಿಡಲಿಲ್ಲ."

ಇನ್ಸ್‌ಪೆಕ್ಟರ್ ಕಾರಿನ ಅಂಚನ್ನು ಹಿಡಿದುಕೊಂಡಳು. ಸೈಕಲ್ ಕಲಿಸಿದ ಅಣ್ಣ. ಅಪ್ಪ ತೀರಿಕೊಂಡಾಗ ಅವಳ ಓದು ನಿಲ್ಲದಂತೆ ತನ್ನ ಓದು ಬಿಟ್ಟ ಅಣ್ಣ. ಠಾಣೆಯಲ್ಲಿ ಎಂಥೆಂಥವರ ಅಕ್ಕತಂಗಿಯರು ಎದುರು ಕೂತು 'ನಮ್ಮಣ್ಣ ಅಂಥವನಲ್ಲ ಮೇಡಂ' ಎಂದು ಅತ್ತಿದ್ದರು. ಆಗೆಲ್ಲ ಅವಳು ನೀರಿನ ಲೋಟ ಮುಂದೆ ತಳ್ಳಿ ಸುಮ್ಮನಿರುತ್ತಿದ್ದಳು. ಈಗ ಅದೇ ಮಾತು ತನ್ನ ನಾಲಿಗೆಯ ತುದಿಗೆ ಬಂದು ನಿಂತಿತ್ತು.

ಜೇಬಿನಲ್ಲಿ ಫೋನ್ ನಡುಗಿತು. ಅತ್ತಿಗೆ.

"ಪುಟ್ಟಿ," ಎಂದರು ಅತ್ತಿಗೆ. ಮನೆಯವರಿಗೆಲ್ಲ ಅವಳು ಇನ್ನೂ ಪುಟ್ಟಿಯೇ. "ನಿಮ್ಮಣ್ಣ ಕಣ್ಣು ಬಿಟ್ಟರು."

ಇಷ್ಟು ದಿನ ಈ ಒಂದು ಸುದ್ದಿಗಾಗಿ ಅವಳು ಹರಕೆ ಹೊತ್ತು ಕಾದಿದ್ದಳು.

"ಡಾಕ್ಟರ್ ಏನಂದ್ರು ಅತ್ತಿಗೆ?"

"ಇನ್ನೂ ಯಾರಿಗೂ ಹೇಳಿಲ್ಲ."

"ಯಾಕೆ? ಮೊದಲು ನರ್ಸನ್ನ ಕರೀರಿ!"

"ಕರೀತೀನಿ. ಅದಕ್ಕೆ ಮುಂಚೆ ನಿನ್ನ ಒಂದು ಕೇಳ್ಬೇಕಿತ್ತು. ಆ ದಾರ ಕಟ್ಟಿದ್ದು ಸಿಕ್ತಾ?"

ವೈರಿಂಗಿನ ಮಾತನ್ನೇ ಅವಳು ಅತ್ತಿಗೆಯ ಮುಂದೆ ಎತ್ತಿರಲಿಲ್ಲ.

"ಯಾವ ದಾರ?"

"ನನ್ಹತ್ರ ಪೊಲೀಸ್ ಆಗ್ಬೇಡ ಕಣೇ." ಅತ್ತಿಗೆಯ ದನಿಯಲ್ಲಿ ಸಿಟ್ಟಿರಲಿಲ್ಲ, ತುಂಬ ದಣಿದವರ ದನಿ. "ಆವತ್ತು ಬೆಳಿಗ್ಗೆ ಅಡುಗೆಮನೆ ಕಿಟಕಿಯಿಂದ ನೋಡ್ದೆ. ಬಾನೆಟ್ ಎತ್ತಿ ನಿಂತು ಹಲ್ಲಲ್ಲಿ ದಾರ ಕಡೀತಿದ್ರು. ಕೇಳಿದ್ದಕ್ಕೆ ಸಣ್ಣ ರಿಪೇರಿ ಅಂದ್ರು. ನಾನೂ ನಂಬಿದೆ. ಮಧ್ಯಾಹ್ನ ಲ್ಯಾಬಿನ ಹತ್ರ ಏದುಸಿರು ಬಿಡ್ತಾ ಬಂದ್ರು ನೋಡು, ಆಗ ಗೊತ್ತಾಯ್ತು. 'ಕಾರು ಇಲ್ಲೇ ಇರಲಿ, ಓಡಿಸ್ಬೇಡ, ಮೆಕ್ಯಾನಿಕ್‌ನ ಕರೆಸ್ತೀನಿ' ಅಂತ ಒಂದೇ ಸಮ. ಬೆವರು ಸುರೀತಿತ್ತು. ಮಗಳ ಮುಖ ನೋಡೋಕೆ ಆಗ್ತಿರಲಿಲ್ಲ ಅವರಿಗೆ."

"ಅತ್ತಿಗೆ..."

"ಕೀ ನಾನೇ ಕೊಟ್ಟೆ ಪುಟ್ಟಿ. ಬೆಳಿಗ್ಗೆ ನೀವೇ ರಿಪೇರಿ ಮಾಡಿದ್ರಲ್ಲ, ನೀವೇ ಓಡಿಸ್ಕೊಂಡು ಹೋಗಿ ಅಂದೆ. ಇಲ್ಲಾಂದ್ರೆ ಸಂಜೆ ನಾನೂ ಮಗಳೂ ಅದರಲ್ಲೇ ಇಳೀತೀವಿ ಅಂದೆ. ಅವಳೆದುರಿಗೇ ಅಂದೆ. ಬೇಡ ಅನ್ನೋಕೆ ಅವರಿಗೆ ಬಾಯಿ ಬರಲಿಲ್ಲ. ಒಂದು ಮಾತು ಹೇಳಿದ್ರೆ ಸಾಕಿತ್ತು. ಹೇಳಲಿಲ್ಲ. ಕೀ ಇಸ್ಕೊಂಡು ಹೋದ್ರು."

ಪಾಲುದಾರ ಕಣ್ಣಲ್ಲೇ 'ಏನು' ಎಂದು ಕೇಳಿದ. ಅವಳು ಕೈ ಚಾಚಿದಳು. ವ್ಯಾನಿನ ಕೀ ಅವನು ಕೊಡುವಷ್ಟರಲ್ಲಿ ಕಿತ್ತುಕೊಂಡು ಬಾಗಿಲತ್ತ ಓಡಿದಳು.

"ಅತ್ತಿಗೆ, ನಾನು ಬರ್ತಿದೀನಿ. ಅಲ್ಲೀವರೆಗೂ ಏನೂ ಮಾಡ್ಬೇಡಿ. ಮಗಳೆಲ್ಲಿ?"

"ಇಲ್ಲೇ ಇದಾಳೆ. ಯಾಕೆ ಹೀಗೆ ಮಾಡಿದ್ರು ಅಂತ ಅವರ ಬಾಯಿಂದಲೇ ಕೇಳ್ಬೇಕು ನಂಗೆ. ಅವಳೂ ಕೇಳಿಸ್ಕೊಳ್ಳಲಿ."

"ಬೇಡ ಅತ್ತಿಗೆ, ಚಿಕ್ಕವಳು ಅವಳು. ಹೊರಗೆ ಕಳಿಸಿ. ಅತ್ತಿಗೆ!"

ಫೋನನ್ನು ಎಲ್ಲೋ ಇಟ್ಟ ಸದ್ದಾಯಿತು; ಕರೆ ಕಡಿಯಲಿಲ್ಲ. ಬಾಗಿಲ ಚಿಲಕ ಸರಿಯಿತು. ಕುರ್ಚಿಯ ಕಾಲು ನೆಲಕ್ಕೆ ಉಜ್ಜಿತು. ಅಷ್ಟರಲ್ಲಿ ವ್ಯಾನ್ ಹತ್ತಿ ಕೂತಿದ್ದವಳು ಸ್ಟಾರ್ಟ್ ಮಾಡುವುದನ್ನು ಬಿಟ್ಟಳು. ಅವಳು ಫೋನನ್ನು ಕಿವಿಗೆ ಒತ್ತಿ ಹಿಡಿದಳು.

ಒಣಗಿದ ಗಂಟಲಿನಿಂದ, ಗುರುತೇ ಸಿಗದಂತೆ, ಅಣ್ಣನ ದನಿ ಬಂತು.

"ಮಗೂ... ನೀನು... ಆಚೆ ಹೋಗು."

"ಹೋಗಲ್ಲ ಅಪ್ಪ," ಎಂದಿತು ಹುಡುಗಿಯ ದನಿ. ಅದರಲ್ಲಿ ಅಳುವಿರಲಿಲ್ಲ. "ಆವತ್ತು ನಂಗೆ ಬಸ್ ತಪ್ಪಿರಲಿಲ್ಲ. ನಾನು ಕಾರಲ್ಲಿದ್ರೆ ಅಮ್ಮನಿಗೆ ಏನೂ ಆಗೋಕೆ ನೀನು ಬಿಡಲ್ಲ ಅಂತ ನಾನೇ ಬೇಕಂತ ಹತ್ತಲಿಲ್ಲ."